ನೀರೆರೆಯದೆ ಸಾಕಬೇಕಾದ ಸಸ್ಯ

ಎರಡು ಹೆಬ್ಬೆರಳ ತುದಿಗಳನ್ನು ಒತ್ತಿ ಜೋಡಿಸಿಟ್ಟಂತೆ ಕಾಣುವ, ನಡುವಿನ ಒಂದು ಸೀಳನ್ನು ಬಿಟ್ಟರೆ ಕಾಂಡವಾಗಲಿ ಕೊಂಬೆಯಾಗಲಿ ಇಲ್ಲದ ಪುಟ್ಟ ಸಸ್ಯವೊಂದು ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ನರ್ಸರಿಗಳಲ್ಲಿ ಮಾರಾಟಕ್ಕೆ ಬರುತ್ತಿದೆ. ದೂರದಿಂದ ನೋಡಿದವರು ಅದನ್ನು ಬೆಣಚುಕಲ್ಲೆಂದೇ ಭ್ರಮಿಸುತ್ತಾರೆ. ಇದರ ಹೆಸರು ಲಿಥಾಪ್ಸ್. ಗ್ರೀಕ್ ಭಾಷೆಯಲ್ಲಿ ‘ಲಿಥೋಸ್’ ಎಂದರೆ ಕಲ್ಲು, ‘ಆಪ್ಸ್’ ಎಂದರೆ ಮುಖ. ಕಲ್ಲಿನ ಮೊಗದ ಗಿಡ ಎಂದು ನಾವು ಕನ್ನಡದಲ್ಲಿ ಹೇಳಿಕೊಳ್ಳಬಹುದು. ಮಕ್ಕಳಿಗೆ ಇದು ಬಲು ಮೆಚ್ಚು. ಹುಟ್ಟುಹಬ್ಬಕ್ಕೆಂದೋ ಗೃಹಪ್ರವೇಶಕ್ಕೆಂದೋ ಕಾಣಿಕೆಯಾಗಿ ಕೊಡುವ ರೂಢಿಯೂ ಅಲ್ಲಲ್ಲಿ ಬೆಳೆದಿದೆ.

ಆದರೆ ಈ ಅಂಕಣಕ್ಕೆ ಬರುವ ಪತ್ರಗಳನ್ನು ನೋಡಿದರೆ, ಹೀಗೆ ಮನೆ ಸೇರಿದ ಲಿಥಾಪ್ಸ್‌ಗಳಲ್ಲಿ ಹೆಚ್ಚಿನವು ವರ್ಷ ತುಂಬುವ ಮೊದಲೇ ಸಾಯುತ್ತವೆಂದು ತೋರುತ್ತದೆ. ಧಾರವಾಡದ ಕಡೆಯ ಸಹೋದರಿಯೊಬ್ಬರು, ಪ್ರತಿದಿನ ಬೆಳಿಗ್ಗೆ ಮಲ್ಲಿಗೆಬಳ್ಳಿಗೆ ನೀರುಣಿಸುವಾಗ ಇದಕ್ಕೂ ಒಂದು ಚಮಚೆ ನೀರು ಹಾಕುತ್ತಿದ್ದುದಾಗಿಯೂ, ಮೂರನೆಯ ವಾರಕ್ಕೆ ಅದು ಕೊಳೆತ ದ್ರಾಕ್ಷಿಯಂತೆ ಮೆತ್ತಗಾಗಿ ಕುಸಿದುದಾಗಿಯೂ ಬರೆದಿದ್ದಾರೆ. ಗಿಡ ಮಾರಿದವರನ್ನು ಕೇಳಿದರೆ ‘ನೀರು ಸಾಲದೆ ಹೋಗಿರಬೇಕು’ ಎಂಬ ಉತ್ತರ ದೊರೆಯಿತಂತೆ. ಉತ್ತರ ತಿರುವುಮುರುವಾಗಿದೆ. ಈ ಸಸ್ಯ ನಮ್ಮ ಮನೆಗಳಲ್ಲಿ ಸಾಯುವುದು ಅಲಕ್ಷ್ಯದಿಂದಲ್ಲ, ಅಕ್ಕರೆಯಿಂದ. ಆ ಒಂದು ಚಮಚೆ ನೀರೇ ಅದಕ್ಕೆ ಮೃತ್ಯು. ಏಕೆಂಬುದನ್ನು ಅರಿಯಬೇಕಾದರೆ ಮೊದಲು ಅದರ ತವರನ್ನು ನೋಡಬೇಕು.

ಲಿಥಾಪ್ಸ್‌ನ ತವರು ಆಫ್ರಿಕಾ ಖಂಡದ ದಕ್ಷಿಣ ಭಾಗ. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯ ದೇಶಗಳ ಒಣನಾಡುಗಳಲ್ಲಿ, ಬೋಟ್ಸ್ವಾನಾದ ಅಂಚಿನಲ್ಲಿ, ಇದರ ಮೂವತ್ತೈದಕ್ಕೂ ಹೆಚ್ಚು ಜಾತಿಗಳು ಸಹಜವಾಗಿ ಬೆಳೆಯುತ್ತವೆ. ಜಗತ್ತಿನಲ್ಲಿ ಬೇರೆಲ್ಲಿಯೂ ಇದು ತಾನಾಗಿ ಹುಟ್ಟುವುದಿಲ್ಲ. ಅಲ್ಲಿನ ಅನೇಕ ಬಯಲುಗಳಲ್ಲಿ ವರ್ಷವಿಡೀ ಬೀಳುವ ಮಳೆ 200 ಮಿಲಿಮೀಟರನ್ನು ಮುಟ್ಟುವುದಿಲ್ಲ. ನಾವು ಬರದ ಸೀಮೆಯೆಂದು ಕರೆಯುವ ವಿಜಯಪುರ ಜಿಲ್ಲೆಯಲ್ಲಿಯೂ ಸರಾಸರಿ 500 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆಂಬುದನ್ನು ನೆನೆದರೆ ಆ ನೆಲದ ಬರಡುತನ ಮನಸ್ಸಿಗೆ ಬಂದೀತು.

ಹೊರಜಗತ್ತಿನ ವಿದ್ವಾಂಸರ ಕಣ್ಣಿಗೆ ಈ ಸಸ್ಯ ಬಿದ್ದುದು 1811ರ ಸೆಪ್ಟೆಂಬರಿನಲ್ಲಿ. ವಿಲಿಯಂ ಬರ್ಚೆಲ್ ಎಂಬ ಇಂಗ್ಲಿಷ್ ಪ್ರವಾಸಿ ಇಂದಿನ ಪ್ರೀಸ್ಕಾ ಪಟ್ಟಣದ ಸಮೀಪ ಎತ್ತಿನ ಬಂಡಿಗಳೊಡನೆ ಸಾಗುತ್ತಿದ್ದಾಗ, ಕಲ್ಲುನೆಲದ ಮೇಲೆ ವಿಚಿತ್ರ ಆಕಾರದ ಒಂದು ಹರಳು ಕಂಡಂತಾಗಿ ಎತ್ತಿಕೊಳ್ಳಲು ಬಾಗಿದನು. ಕೈಗೆ ಬಂದುದು ಜೀವವುಳ್ಳ ಸಸ್ಯ! ಸುತ್ತಲಿನ ಕಲ್ಲುಗಳ ಬಣ್ಣವನ್ನೂ ರೂಪವನ್ನೂ ಅದು ಹಾಗೆಯೇ ತಳೆದಿತ್ತು. ‘ಲಿಥಾಪ್ಸ್’ ಎಂಬ ಪ್ರತ್ಯೇಕ ಕುಲದ ಹೆಸರನ್ನು ಅದು ಪಡೆದುದು 1922ರಲ್ಲಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಎನ್. ಇ. ಬ್ರೌನ್ ಎಂಬ ಸಸ್ಯವಿಜ್ಞಾನಿಯಿಂದ. ಆದರೆ ಆ ನೆಲದ ಆಫ್ರಿಕಾನ್ಸ್ ಭಾಷೆಯ ರೈತರು ಅದಕ್ಕೆ ಇನ್ನೂ ಅಂದವಾದ ಹೆಸರೊಂದನ್ನು ಇಟ್ಟಿದ್ದಾರೆ. ಅದರ ಅರ್ಥ ‘ದನದ ಪುಟ್ಟ ಗೊರಸು’. ಸೀಳುಗೊರಸಿನ ಗುರುತನ್ನು ಕೆರೆಯಂಗಳದ ಕೆಸರಿನಲ್ಲಿ ಕಂಡ ನಮ್ಮ ಹಳ್ಳಿಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಕಾಣುವ ಆ ಗೊರಸು ವಾಸ್ತವವಾಗಿ ಎರಡು ಎಲೆಗಳು. ಇಡೀ ಸಸ್ಯಕ್ಕಿರುವುದು ಅಷ್ಟೆ: ಒಂದು ಜೊತೆ ದಪ್ಪ ಎಲೆ, ಕೆಳಗೆ ಒಂದು ಬೇರು. ಕಾಡಿನಲ್ಲಿ ಎಲೆಗಳ ನೆತ್ತಿ ಮಾತ್ರ ನೆಲದ ಮಟ್ಟಕ್ಕೆ ತೋರುತ್ತದೆ, ಮಿಕ್ಕ ಒಡಲೆಲ್ಲ ಮಣ್ಣಿನಲ್ಲಿ ಹುದುಗಿರುತ್ತದೆ. ಹಾಗಾದರೆ ಬಿಸಿಲಿಲ್ಲದೆ ಅದು ಆಹಾರ ತಯಾರಿಸುವ ಬಗೆ ಹೇಗೆ? ಎಲೆಯ ನೆತ್ತಿಯಲ್ಲಿ ಅರೆಪಾರದರ್ಶಕವಾದ ಕಿಟಕಿಗಳುಂಟು. ಹಳೆಯ ಮನೆಗಳಲ್ಲಿ ಮಾಳಿಗೆಗೆ ಬೆಳಕಿಂಡಿ ಬಿಡುತ್ತಿದ್ದರಲ್ಲವೆ, ಅದೇ ರೀತಿ. ಆ ಕಿಂಡಿಯಿಂದ ಇಳಿದ ಬೆಳಕು ನೀರು ತುಂಬಿದ ಒಡಲನ್ನು ಹಾದು, ಒಳಗೋಡೆಗೆ ಅಂಟಿದ ಹಸಿರು ಪದರವನ್ನು ತಲಪುತ್ತದೆ. ಉಸಿರಾಟದ ಕ್ರಮವೂ ಬೇರೆಯೇ. ಬಹುಪಾಲು ಗಿಡಮರಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದರೆ, ಇದು ತಂಪಾದ ಇರುಳಿನಲ್ಲಿ ಮಾತ್ರ ತೆರೆದು, ಗಾಳಿಯಿಂದ ಹೀರಿದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಗಲು ಬಾಗಿಲು ಮುಚ್ಚಿಕೊಂಡು, ಆ ದಾಸ್ತಾನಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಒಂದು ಹನಿ ನೀರೂ ವ್ಯರ್ಥವಾಗಿ ಆವಿಯಾಗಬಾರದೆಂಬುದೇ ಇದರ ಉದ್ದೇಶ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಲಿಥಾಪ್ಸ್ ವರ್ಷಕ್ಕೊಮ್ಮೆ ತನ್ನ ಎಲೆಗಳನ್ನು ಬದಲಿಸಿಕೊಳ್ಳುತ್ತದೆ. ಆದರೆ ಬೇವು ಹುಣಿಸೆಗಳಂತೆ ಹಳೆಯ ಎಲೆ ಉದುರಿಸಿ ಹೊಸದನ್ನು ಚಿಗುರಿಸುವುದಿಲ್ಲ. ಹೂವು ಬಾಡಿದ ಮೇಲೆ, ಹಳೆಯ ಎಲೆಗಳ ಗರ್ಭದಲ್ಲಿಯೇ ಹೊಸ ಜೊತೆಯೊಂದು ಮೂಡುತ್ತದೆ. ಹೊರಗಿನಿಂದ ಅದು ಕಾಣದು. ಸೀಳು ಕೊಂಚ ಅಗಲವಾದುದರಿಂದ ಮಾತ್ರ ಊಹಿಸಬೇಕು. ಆ ಎಳೆಯ ಜೊತೆ ತನಗೆ ಬೇಕಾದ ನೀರನ್ನೂ ಸತ್ತ್ವವನ್ನೂ ಮಣ್ಣಿನಿಂದ ಪಡೆಯುವುದಿಲ್ಲ, ಹಳೆಯ ಎಲೆಗಳಿಂದಲೇ ಹೀರಿಕೊಳ್ಳುತ್ತದೆ. ತಿಂಗಳುಗಳ ಕಾಲ ಹಳೆಯವು ಸೊರಗುತ್ತ, ಸುಕ್ಕುಗಟ್ಟುತ್ತ, ಕೊನೆಗೆ ಈರುಳ್ಳಿಯ ಒಣಸಿಪ್ಪೆಯಷ್ಟು ತೆಳ್ಳಗಾಗುತ್ತವೆ. ಆ ಸಿಪ್ಪೆಯನ್ನು ಸೀಳಿಕೊಂಡು, ಹಳೆಯ ಸೀಳಿಗೆ ಅಡ್ಡಲಾಗಿ ತನ್ನ ಸೀಳನ್ನಿಟ್ಟುಕೊಂಡು, ಹೊಸ ಜೊತೆ ಹೊರಬರುತ್ತದೆ. ಕೆಲವೊಮ್ಮೆ ಒಂದರ ಬದಲು ಎರಡು ಜೊತೆ ಬರುವುದುಂಟು. ಮನೆಯಲ್ಲಿ ಅವಳಿ ಮಕ್ಕಳಾದಂತೆ ಬೆಳೆಸುವವರು ಆಗ ಸಂಭ್ರಮಪಡುತ್ತಾರೆ.

ಈ ಕಾಲದಲ್ಲಿ ಗಿಡ ನೋಡಲು ಚೆನ್ನಾಗಿರುವುದಿಲ್ಲ. ಬಾಡಿ, ಬಣ್ಣಗೆಟ್ಟು, ಸಾಯುತ್ತಿರುವಂತೆ ತೋರುತ್ತದೆ. ನಮ್ಮ ತಾಯಂದಿರ ಕರುಳು ಕರಗುವುದು, ಕೈ ತಂಬಿಗೆಗೆ ಹೋಗುವುದು, ಸರಿಯಾಗಿ ಆಗಲೇ. ಆದರೆ ಆಗ ನೀರೆರೆದರೆ ಆಗುವುದೇನು? ಹಳೆಯ ಎಲೆಗಳು ಒಣಗುವ ಬದಲು ಮತ್ತೆ ಉಬ್ಬಿಕೊಳ್ಳುತ್ತವೆ. ಒಳಗಿನ ಎಳೆಯ ಜೊತೆ ಹೊರಬರಲಾರದೆ ಇರುಕಿಕೊಳ್ಳುತ್ತದೆ. ಎರಡು ಅಂತಸ್ತಿನ ಮನೆಯಂತೆ ಎಲೆಯ ಮೇಲೆ ಎಲೆ ಪೇರಿಸಿಕೊಂಡು ನಿಲ್ಲುವ ಗಿಡಗಳನ್ನು ನೀವು ಕಂಡಿರಬಹುದು. ಮಾರುವವರು ಕೆಲವರು ಅದನ್ನು ವಿಶೇಷ ತಳಿಯೆಂದು ಹೇಳುವುದೂ ಉಂಟು. ಅದು ತಳಿಯಲ್ಲ, ರೋಗದ ಮುನ್ಸೂಚನೆ. ಅಂಥ ಗಿಡ ಬೇಗನೆ ಕೊಳೆಯುತ್ತದೆ.

ಹಾಗಾದರೆ ನೀರು ಯಾವಾಗ? ನಮ್ಮ ನಾಡಿನ ಋತುಗಳಿಗೆ ಹೊಂದಿಸಿ ಹೇಳುವುದಾದರೆ, ಡಿಸೆಂಬರಿನಿಂದ ಹಳೆಯ ಎಲೆ ಪೂರ್ತಿ ಒಣಗುವವರೆಗೆ, ಅಂದರೆ ಹೆಚ್ಚುಕಡಮೆ ಮಾರ್ಚಿಯವರೆಗೆ, ಬೆಳೆದ ಗಿಡಕ್ಕೆ ನೀರು ಬೇಡವೇ ಬೇಡ. ಸಿಪ್ಪೆ ಒಣಗಿದ ಬಳಿಕ ಒಮ್ಮೆ ಚೆನ್ನಾಗಿ ನೆನೆಸಬಹುದು. ಏಪ್ರಿಲ್, ಮೇ ತಿಂಗಳ ಸುಡುಬಿಸಿಲಿನಲ್ಲಿ ಗಿಡ ಅರೆನಿದ್ರೆಯಲ್ಲಿರುತ್ತದೆ. ಆಗ ಪಕ್ಕಗಳಲ್ಲಿ ಸುಕ್ಕು ಕಂಡರೆ ಮಾತ್ರ, ಸಂಜೆ ತಂಪಾದ ಮೇಲೆ, ಸ್ವಲ್ಪ ನೀರು. ಮಳೆಗಾಲವೇ ಇದಕ್ಕೆ ನಮ್ಮಲ್ಲಿ ದೊಡ್ಡ ಕಂಟಕ. ಜೂನಿನಿಂದ ಗಾಳಿಯಲ್ಲಿಯೇ ತೇವ ತುಂಬಿರುವುದರಿಂದ ಕುಂಡ ಒಣಗುವುದು ತಡ. ಮಲೆನಾಡು, ಕರಾವಳಿಗಳಲ್ಲಿ ಇದನ್ನು ಉಳಿಸಿಕೊಳ್ಳುವುದು ನಿಜವಾಗಿಯೂ ಕಷ್ಟವೆಂದು ಅಲ್ಲಿನ ಓದುಗರಿಗೆ ನಾವು ಮೊದಲೇ ತಿಳಿಸಿಬಿಡುತ್ತೇವೆ. ಬಯಲುಸೀಮೆಯವರು ಕುಂಡವನ್ನು ಮಳೆ ಹನಿಯದಂತೆ ಮಾಡಿನ ಕೆಳಗೆ, ಗಾಳಿಯಾಡುವ ಕಡೆ ಇರಿಸಿ, ಸುಕ್ಕು ಕಾಣುವವರೆಗೂ ಕೈಕಟ್ಟಿ ಕುಳಿತುಕೊಳ್ಳಬೇಕು. ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಅವಧಿಯೇ ಇದರ ಸುಗ್ಗಿ. ಆಗ ಎರಡು ವಾರಕ್ಕೊಮ್ಮೆ, ತಳದ ತೂತಿನಿಂದ ಹರಿದುಹೋಗುವಷ್ಟು ನೀರು ಕೊಟ್ಟು, ಮುಂದಿನ ಸರದಿಯವರೆಗೆ ಮಣ್ಣು ಪೂರ್ತಿ ಒಣಗಲು ಬಿಡಬೇಕು. ದಿನಕ್ಕೊಂದು ಚಮಚೆ ಎಂಬ ಲೆಕ್ಕ ಎಂದಿಗೂ ಸಲ್ಲದು. ಕ್ಯಾಲೆಂಡರಿಗಿಂತ ಗಿಡದ ಮೈಯೇ ಹೆಚ್ಚು ನಂಬಿಕೆಯ ಸಾಕ್ಷಿ: ಬೆರಳಿನಿಂದ ಮೆಲ್ಲನೆ ಒತ್ತಿದಾಗ ಗಟ್ಟಿಯಾಗಿದ್ದರೆ ಬಾಯಾರಿಲ್ಲವೆಂದೇ ಅರ್ಥ.

ಹೂ ಬಿಡುವುದು ಕೂಡ ಆ ಸುಗ್ಗಿಯಲ್ಲಿಯೇ. ಸೀಳಿನ ನಡುವಿನಿಂದ ಮೊಗ್ಗೊಂದು ಇಣುಕಿ, ಹಳದಿ ಇಲ್ಲವೆ ಬಿಳಿಯ ಎಸಳುಗಳ ಹೂವಾಗಿ, ಬಿಸಿಲೇರಿದ ಮಧ್ಯಾಹ್ನ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತದೆ. ಕೆಲವು ದಿನ ಹೀಗೆಯೇ ತೆರೆದು ಮುಚ್ಚುತ್ತದೆ. ಹೂವು ಕೆಲವೊಮ್ಮೆ ಗಿಡವನ್ನೇ ಮರೆಮಾಡುವಷ್ಟು ದೊಡ್ಡದು. ತವರಿನಲ್ಲಿ ಇದನ್ನು ಹುಡುಕಿಕೊಂಡು ಹೋಗುವ ಅನುಭವಿಗಳು ಕೂಡ ಹೂಗಾಲವನ್ನೇ ಕಾಯುತ್ತಾರೆ, ಉಳಿದ ಕಾಲದಲ್ಲಿ ಕಾಲಿನ ಕೆಳಗಿದ್ದರೂ ಕಣ್ಣಿಗೆ ಬೀಳದು.

ಮಣ್ಣಿನ ವಿಷಯದಲ್ಲಿ ಒಂದೇ ಮಾತು ನೆನಪಿರಲಿ: ನೀರು ನಿಲ್ಲಬಾರದು. ನಮ್ಮ ಕೆಂಪುಮಣ್ಣಾಗಲಿ ಎರೆಮಣ್ಣಾಗಲಿ ಇದಕ್ಕೆ ಒಗ್ಗುವುದಿಲ್ಲ. ಮುಕ್ಕಾಲು ಪಾಲು ಒರಟು ವಸ್ತುವಿರಬೇಕು. ಹೊಳೆಮರಳನ್ನು ಜರಡಿ ಹಿಡಿದು ಮೇಲುಳಿದ ದಪ್ಪ ಕಾಳು, ಕಟ್ಟಡದ ಕೆಲಸದಲ್ಲಿ ಬಳಸುವ ಅತಿ ಸಣ್ಣ ಜಲ್ಲಿ, ಕುಟ್ಟಿದ ಇಟ್ಟಿಗೆಯ ಚೂರು, ಇವುಗಳಲ್ಲಿ ಸಿಕ್ಕಿದ್ದನ್ನು ತೊಳೆದು, ದೂಳು ಹೋಗಿಸಿ ಬಳಸಬಹುದು. ಉಳಿದ ಕಾಲು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ. ಸಗಣಿ ಗೊಬ್ಬರ ಹಾಕಲೇಬೇಡಿ. ಬೇರು ಆಳಕ್ಕಿಳಿಯುವುದರಿಂದ ಕುಂಡ ನಾಲ್ಕು ಅಂಗುಲವಾದರೂ ಆಳವಿರಲಿ. ನರ್ಸರಿಯಿಂದ ತಂದ ಗಿಡ ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತದೆ. ಅದನ್ನು ಬಿಡಿಸಿ, ಬೇರನ್ನು ಎರಡು ದಿನ ನೆರಳಿನಲ್ಲಿ ಆರಿಸಿ, ಹೊಸ ಮಿಶ್ರಣಕ್ಕೆ ಬದಲಿಸಿ, ವಾರ ಕಳೆದ ಮೇಲೆ ನೀರು ಕೊಡುವುದು ಕ್ಷೇಮ.

ಬೆಳಗಿನ ಬಿಸಿಲು ನಾಲ್ಕೈದು ತಾಸು ಬೀಳುವ ಪೂರ್ವದ ಕಿಟಕಿ ಒಳ್ಳೆಯ ಜಾಗ. ಬೆಳಕು ಸಾಲದಿದ್ದರೆ ಗಿಡ ಕತ್ತು ಚಾಚಿದಂತೆ ಉದ್ದವಾಗುತ್ತದೆ. ನೆರಳಿನಿಂದ ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗಿಟ್ಟರೆ ನೆತ್ತಿ ಸುಟ್ಟು ಬಿಳಿಯ ಕಲೆ ಬೀಳುತ್ತದೆ. ಟಿ.ವಿ.ಯ ಮೇಜು, ಊಟದ ಕೋಣೆ, ಇವು ಗಿಡವಿಡುವ ಸ್ಥಳಗಳಲ್ಲ. ಹಿಟ್ಟುತಿಗಣೆ ಸೀಳಿನೊಳಗೂ ಬೇರಿನಲ್ಲೂ ಅಡಗುವುದುಂಟು. ಮೇಲಿದ್ದವನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಅಳಿಲು, ಇಲಿಗಳಿಗೆ ಇದೊಂದು ರಸಗವಳ.

ಹೊಸದಾಗಿ ಸಾಕುವವರು ಯಾವ ಜಾತಿಯನ್ನು ಆರಿಸಬೇಕು? ಸಲಿಕೋಲ, ಲೆಸ್ಲಿಯೈ, ಆಕಾಂಪಿಯೈ ಎಂಬ ಮೂರು ಜಾತಿಗಳು ಕೈತಪ್ಪುಗಳನ್ನು ಕೊಂಚ ಸಹಿಸಿಕೊಳ್ಳುತ್ತವೆ. ಇವುಗಳಲ್ಲಿ ಕೊನೆಯದಕ್ಕೆ ಆ ಹೆಸರು ಬಂದುದು ಅದನ್ನು ಮೊದಲು ಸಂಗ್ರಹಿಸಿದ ಹ್ವಾನೀಟ ಆಕಾಂಪ್ ಎಂಬ ಹೆಣ್ಣುಮಗಳಿಂದ. ಇಲ್ಲಿ ಇನ್ನೊಬ್ಬರನ್ನೂ ಹೆಸರಿಸದೆ ಮುಂದೆ ಹೋಗಲು ಮನಸ್ಸು ಬಾರದು. ಡೆಸ್ಮಂಡ್ ಕೋಲ್ ಅವರು ವೃತ್ತಿಯಿಂದ ಸಸ್ಯಶಾಸ್ತ್ರಜ್ಞರಲ್ಲ, ಜೋಹಾನ್ಸ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಭಾಷೆಗಳ ಪ್ರಾಧ್ಯಾಪಕರಾಗಿದ್ದವರು; ಟ್ಸ್ವಾನಾ ಭಾಷೆಗೆ 1955ರಲ್ಲಿ ವ್ಯಾಕರಣ ಬರೆದವರು. ಅವರೂ ಅವರ ಪತ್ನಿ ನಾರೀನ್ ಅವರೂ ದಶಕಗಳ ಕಾಲ ಬಿಡುವಿನ ವೇಳೆಯನ್ನೆಲ್ಲ ಈ ಗಿಡದ ನೆಲೆಗಳನ್ನು ಹುಡುಕುವುದರಲ್ಲಿ ಕಳೆದು, ಒಂದೊಂದು ನೆಲೆಗೂ ಒಂದೊಂದು ಸಂಖ್ಯೆ ಕೊಟ್ಟು, 1988ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಲಿಥಾಪ್ಸ್ ಬೀಜ ಕೊಂಡರೂ ಪೊಟ್ಟಣದ ಮೇಲೆ ಕೋಲ್ ಸಂಖ್ಯೆ ಇರುವುದುಂಟು. ಅದರಿಂದ ಆ ಬೀಜದ ಮೂಲವಂಶ ಯಾವ ಬೆಟ್ಟದ ತಪ್ಪಲಿನದೆಂದು ತಿಳಿಯುತ್ತದೆ. ದಂಪತಿಗಳು ಕೂಡಿ ಮಾಡಿದ ಇಂಥ ಕೆಲಸ ಅಪರೂಪ.

ನೆಲೆಯ ಗುರುತು ಹೀಗೆ ಎಲ್ಲರಿಗೂ ತಿಳಿಯುವುದರಲ್ಲಿ ಈಗ ಅಪಾಯವೂ ಸೇರಿಕೊಂಡಿದೆ. 2019ರಿಂದ ಈಚೆಗೆ ದಕ್ಷಿಣ ಆಫ್ರಿಕಾದ ಒಣನಾಡುಗಳಲ್ಲಿ ರಸಭರಿತ ಕಿರುಸಸ್ಯಗಳ ಕಳ್ಳತನ ವಿಪರೀತವಾಗಿ ಹೆಚ್ಚಿತು. ಲಿಥಾಪ್ಸ್‌ನ ದಾಯಾದಿಯಾದ ಕೊನೊಫೈಟಂ ಎಂಬ ಕುಲ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದಿತು. ಹೊಟ್ಟೆಪಾಡಿಗಾಗಿ ಅಗೆದು ತರುವ ಬಡವನಿಗೆ ಸಿಗುವುದು ಬಿಡಿಗಾಸು, ಸಾಗರದಾಚೆ ಅಂತರ್ಜಾಲದಲ್ಲಿ ಮಾರುವವನಿಗೆ ಹೊನ್ನು. ಅಲ್ಲಿನ ಪೊಲೀಸರು ಹಿಡಿದ ಗಿಡಗಳ ಎಣಿಕೆ ಲಕ್ಷಗಳಲ್ಲಿದೆ. ಒಂದು ಗುಡ್ಡದ ಇಳಿಜಾರಿನಲ್ಲಿ ಮಾತ್ರ ಬೆಳೆಯುವ ಜಾತಿಗಳೂ ಇವುಗಳಲ್ಲುಂಟು. ಆ ಇಳಿಜಾರು ಬರಿದಾದರೆ ಆ ಜಾತಿಯ ಕತೆ ಮುಗಿದಂತೆ.

ನಮ್ಮ ಕುಟುಂಬಗಳಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಕೊಳ್ಳುವವರು ನಾವೇ ಅಲ್ಲವೆ? ಬೀಜದಿಂದ ಬೆಳೆಸಿದ ಗಿಡಗಳು ಒಂದು ತಟ್ಟೆಯಲ್ಲಿ ಹೆಚ್ಚುಕಡಮೆ ಒಂದೇ ಗಾತ್ರದವು, ಮೈ ನುಣುಪಾದವು, ಅಗ್ಗದವು. ಕಾಡಿನಿಂದ ಕಿತ್ತುದರ ಮೈಮೇಲೆ ಗಾಯದ ಗುರುತು, ವರ್ಷಗಳ ಒಣಸಿಪ್ಪೆಯ ಪದರ, ತುಂಡಾದ ಹಳೆಯ ಬೇರು ಕಾಣುತ್ತವೆ, ಬೆಲೆಯೂ ದುಬಾರಿ. ‘ನೇರವಾಗಿ ಆಫ್ರಿಕಾದ ಮರುಭೂಮಿಯಿಂದ ತರಿಸಿದ್ದು’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ವಿದೇಶದಿಂದ ಗಿಡ, ಬೀಜ ತರಿಸಲು ಭಾರತದಲ್ಲಿ ಸಸ್ಯ ಕ್ವಾರಂಟೈನ್ ನಿಯಮಗಳಂತೆ ಪರವಾನಗಿಯೂ ಆರೋಗ್ಯ ಪ್ರಮಾಣಪತ್ರವೂ ಬೇಕೆಂಬುದನ್ನು ಮರೆಯಬಾರದು. ಇನ್ನು ಅಂತರ್ಜಾಲದ ಅಂಗಡಿಗಳಲ್ಲಿ ಕಡುನೀಲಿ ಬಣ್ಣದ ಲಿಥಾಪ್ಸ್ ಬೀಜವೆಂದು ಚಿತ್ರ ಸಮೇತ ಮಾರುತ್ತಾರೆ. ಅಂಥ ನೀಲಿ ಲಿಥಾಪ್ಸ್ ಪ್ರಪಂಚದಲ್ಲಿಯೇ ಇಲ್ಲ. ಅದು ಚಿತ್ರಕ್ಕೆ ಬಳಿದ ಬಣ್ಣ.

ಆದುದರಿಂದ, ದೇಶದೊಳಗೆ ಬೆಳೆಸಿದವರಿಂದ ಬೀಜ ಪಡೆದು ಮನೆಯಲ್ಲಿಯೇ ಬೆಳೆಸಿಕೊಳ್ಳುವುದೇ ಉತ್ತಮ ಮಾರ್ಗವೆಂದು ನಮ್ಮ ಅಭಿಪ್ರಾಯ. ತಾಳ್ಮೆ ಬೇಕು, ಹೂ ಕಾಣಲು ಮೂರರಿಂದ ಐದು ವರ್ಷ ಹಿಡಿಯುತ್ತದೆ. ಬೀಜ ರಾಗಿಕಾಳಿಗಿಂತಲೂ ಎಷ್ಟೋ ಸಣ್ಣದು, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅಕ್ಟೋಬರ್, ನವೆಂಬರಿನ ಹಿತವಾದ ಹವೆಯಲ್ಲಿ, ಕುದಿನೀರು ಸುರಿದು ಆರಿಸಿದ ನುಣುಪು ಮರಳಿನ ಮಿಶ್ರಣದ ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ಮೇಲೊಂದು ಗಾಜಿನ ಹಲಗೆಯಿಟ್ಟು ನೆರಳುಬೆಳಕಿನಲ್ಲಿರಿಸಬೇಕು. ವಾರದಿಂದ ಎರಡು ವಾರದೊಳಗೆ ಹಸಿರು ಗುಂಡುಸೂಜಿಯ ತಲೆಗಳಂತೆ ಮೊಳಕೆಗಳು ಕಾಣುತ್ತವೆ. ಇಲ್ಲೊಂದು ಎಚ್ಚರ: ದೊಡ್ಡ ಗಿಡಕ್ಕೆ ಹೇಳಿದ ಉಪವಾಸದ ಕ್ರಮ ಹಸುಗೂಸುಗಳಿಗೆ ಅನ್ವಯಿಸದು. ಮೊದಲ ಕೆಲವು ವಾರ ಮೇಲ್ಮಣ್ಣು ಒಣಗಲೇಬಾರದು. ಬಳಿಕ ಗಾಜನ್ನು ದಿನದಿನಕ್ಕೆ ಹೆಚ್ಚು ಹೊತ್ತು ಸರಿಸುತ್ತ ಗಾಳಿಗೆ ಒಗ್ಗಿಸಬೇಕು. ಮೊದಲ ವರ್ಷವಿಡೀ, ಎಲೆ ಬದಲಿಸುವಾಗಲೂ, ಅಷ್ಟಿಷ್ಟು ತೇವ ಸಿಗುತ್ತಿರಲಿ. ಎರಡನೆಯ ವರ್ಷದಿಂದ ದೊಡ್ಡವರ ಪಂಕ್ತಿ.

ಸ್ವಂತ ಬೀಜ ಬೇಕೆಂದರೆ ಒಂದೇ ಗಿಡ ಸಾಲದು. ತನ್ನ ಪರಾಗ ತನಗೆ ಒಗ್ಗದಿರುವುದರಿಂದ, ಒಂದೇ ಜಾತಿಯ ಎರಡು ಬೇರೆ ಗಿಡಗಳು ಒಂದೇ ಕಾಲಕ್ಕೆ ಹೂಬಿಟ್ಟಾಗ, ಮಧ್ಯಾಹ್ನ ಮೆತ್ತನೆಯ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಸವರಬೇಕು. ಹೂವು ಒಣಗಿದ ಮೇಲೆ ಉಳಿಯುವ ಕಾಯಿ ಮಾಗಲು ತಿಂಗಳುಗಳೇ ಹಿಡಿಯುತ್ತವೆ. ಮುಂದಿನ ಬೇಸಿಗೆಯ ಕೊನೆಗೆ ಮರದ ಗುಂಡಿಯಂತೆ ಗಟ್ಟಿಯಾದಾಗ ಬಿಡಿಸಿಕೊಳ್ಳಬಹುದು. ಬೇಸಿಗೆ ರಜೆಯಲ್ಲಿ ಮಕ್ಕಳು ಮನೆಯಲ್ಲಿದ್ದರೆ ಅವರನ್ನು ಕರೆದು, ಒಂದು ಬಿಳಿಯ ತಟ್ಟೆಯಲ್ಲಿ ಆ ಕಾಯಿಯನ್ನಿಟ್ಟು, ಅದರ ಮೇಲೆ ಒಂದು ಹನಿ ನೀರು ಬಿಡಿಸಿ. ಮುಚ್ಚಿದ್ದ ಕಾಯಿ ನಿಮಿಷಗಳಲ್ಲಿ ನಕ್ಷತ್ರದಂತೆ ತೆರೆದುಕೊಳ್ಳುತ್ತದೆ. ಒಣಗಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಮರುಭೂಮಿಯಲ್ಲಿ ಮಳೆಹನಿ ಬಿದ್ದಾಗ ಮಾತ್ರ ಬಾಗಿಲು ತೆರೆದು, ಹನಿಯ ಸಿಡಿತಕ್ಕೆ ಕೆಲವೇ ಬೀಜಗಳನ್ನು ಕೊಟ್ಟು, ಉಳಿದವನ್ನು ಮುಂದಿನ ಮಳೆಗೆ ಕಾಯ್ದಿರಿಸುವ ಏರ್ಪಾಡು ಇದು. ತಟ್ಟೆಗೆ ಇಳಿದ ಬೀಜಗಳನ್ನು ಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ, ಜಾತಿಯ ಹೆಸರು, ವರ್ಷ ಬರೆದ ಕಾಗದದ ಲಕೋಟೆಯಲ್ಲಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹೆಚ್ಚಾದುದನ್ನು ನೆರೆಹೊರೆಯವರಿಗೆ ಹಂಚುವಾಗ ನೀರಿನ ವಿಷಯವನ್ನೂ ಲಕೋಟೆಯ ಬೆನ್ನಿಗೆ ಬರೆದುಕೊಡಿ.